ಕುಡಕ್ ಕೋಳಿ ಮತ್ತು ಏಳನೇ ನಿಯಮ

ನಾನು ಜನ್ಮದಲ್ಲಿ ಕೋಳಿ ಮುಟ್ಟಿದವನಲ್ಲ. ಆದರೂ ನಮ್ಮ ತೋಟದಲ್ಲಿ ಕೋಳಿ ಸಾಕುವ ನಿಯಮ ಬರೆದವನು ನಾನೇ! ಭಾಲ್ಕಿ, ಔರಾದ, ಬೀದರ ಎಂದು ಮೂವತ್ನಾಲ್ಕು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಗೊತ್ತಿಲ್ಲದ ವಿಷಯದ ಮೇಲೆ ನಿಯಮ ಬರೆಯುವುದೇನು ಕಷ್ಟ? ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಬೀದರಿನ ನಮ್ಮ ಕಾಲೊನಿಯಲ್ಲಿ ಖಾಲಿ ಬಿದ್ದಿದ್ದ ಜಾಗವನ್ನು ಹನ್ನೆರಡು ಮನೆಯವರು ಹಂಚಿಕೊಂಡು ಕಾಯಿಪಲ್ಲೆ ಬೆಳೆಯುತ್ತೇವೆ. ನನ್ನದು ಬದನೆ, ಪಕ್ಕದ ವೈಜಿನಾಥನದು ಮೆಂತ್ಯ. ಮೂಲೆಯ ಪಾಲಿನ ಅಕ್ತರಬೀ ಒಂದೇ ಒಂದು ಕೋಳಿ ಸಾಕಲು ಬಿಡಿ ಎಂದು ನಾಲ್ಕು ತಿಂಗಳು ಎಲ್ಲರ ಮನೆ ಬಾಗಿಲಿಗೆ ಅಲೆದಳು. ಕೊನೆಗೆ ನಾನು ತಗಡಿನ ಮೇಲೆ ನಿಯಮ ಬರೆದು ಬೇವಿನ ಮರಕ್ಕೆ ಬಡಿದ ಮೇಲೆ ಸಭೆ ಒಪ್ಪಿತು. ಹುಂಜ ಇಡತಕ್ಕದ್ದಲ್ಲ. ಗೂಡಿನ ಕೊಂಡಿ ಹಾಕತಕ್ಕದ್ದು. ಹಾಕದೆ ಬೇರೆ ಪ್ರಾಣಿಗೆ ದಾರಿ ಮಾಡಿದವರು ಮತ್ತೆ ಕೋಳಿ ಸಾಕತಕ್ಕದ್ದಲ್ಲ. ಏಳನೆಯದು, ರೋಗ ಬಂದ ಕೋಳಿಯನ್ನು ಕೂಡಲೇ ಹೊರಗೆ ಸಾಗಿಸಿ ಮೊಟ್ಟೆ ನಾಶಪಡಿಸತಕ್ಕದ್ದು. ನನ್ನ ‘ತಕ್ಕದ್ದು’ಗಳನ್ನು ನೋಡಿ ನಾನೇ ಹಿಗ್ಗಿದ್ದೆ.

ಹೋದ ಗುರುವಾರ ಅಕ್ತರಬೀ ಚೀಲ ಹಿಡಿದು ಓಡೋಡಿ ಬಂದಳು. ಭಾಲ್ಕಿಯಲ್ಲಿ ಮಗಳು ರುಖ್ಸಾರಳಿಗೆ ಹೆರಿಗೆ ಬ್ಯಾನಿ ಶುರುವಾಗಿತ್ತು.

“ಅಣ್ಣಾರೆ, ಕಾಳು ನೀರು ಇಟ್ಟೀನ್ರಿ. ಮುರ್ಗಿ ಕುಡಕ್ ಆಗ್ಯಾದ. ಜರಾ ನಜರ್ ಇರ್ಲಿರಿ.”

“ಆತು ಆತು, ನೀ ಹೋಗವ್ವ,” ಎಂದೆ. ಕುಡಕ್ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಕೇಳಬಹುದಿತ್ತು. ನಿಯಮ ಬರೆದ ಮನುಷ್ಯ ಕೋಳಿಯ ವಿಷಯ ಕೇಳುವುದು ಹ್ಯಾಗೆ ಎಂದು ಗತ್ತಿನಿಂದ ತಲೆಯಾಡಿಸಿದೆ.

ಮರುದಿನ ಬೆಳಿಗ್ಗೆ ಗೂಡಿನೊಳಗೆ ಬಗ್ಗಿ ನೋಡಿದೆ. ಕೋಳಿ ಮೈ ಉಬ್ಬಿಸಿಕೊಂಡು ಕೂತಿತ್ತು. ಕಾಳು ಮುಟ್ಟಿರಲಿಲ್ಲ. ಎದೆಯ ಪುಕ್ಕ ಉದುರಿತ್ತು. ಟವೆಲ್ಲು ಸುತ್ತಿಕೊಂಡು ಕೈ ಹಾಕಿದರೆ ಮೈ ಸುಡುತ್ತಿತ್ತು. ಅಯ್ಯೋ ಶಿವನೇ, ಕುಡಕ್ ಅಂದರೆ ಇದೇ ರೋಗ! ಹುಂಜ ಇಲ್ಲದ ತೋಟದಲ್ಲಿ ಕಾವು, ಮರಿ ಎಂಬ ಮಾತು ನನ್ನ ತಲೆಗೆ ಬರಲೇ ಇಲ್ಲ. ಕೋಳಿಯನ್ನು ಬುಟ್ಟಿಗೆ ಹಾಕಿದೆ. ಅದರ ಕೆಳಗಿದ್ದ ಹನ್ನೊಂದು ಮೊಟ್ಟೆಗಳನ್ನು ಗೊಬ್ಬರದ ಗುಂಡಿಗೆ ಎಸೆದು ಮೇಲೆ ಸುಣ್ಣ ಸುರಿದೆ. ಏಳನೇ ನಿಯಮ ಚಾಚೂ ತಪ್ಪದೆ ನಡೆಯಿತು.

ದನದ ಡಾಕ್ಟರು ಕೋಳಿಯನ್ನು ನೋಡಿ ಬಿದ್ದು ಬಿದ್ದು ನಕ್ಕರು.

“ರೋಗ ಎಲ್ಲೀದ್ರಿ ಶಿವರಾಜಪ್ಪನವರ? ಕಾವಿಗಿ ಕುಂತದ. ಇದಕ್ಕೇ ಕುಡಕ್ ಅಂತಾರ. ಲಗೂನ ಒಯ್ದು ಮೊಟ್ಟಿ ಮ್ಯಾಲ ಕೂಡಿಸ್ರಿ.”

ನಾನು ಆಟೋ ಹಿಡಿದು ಬಂದು ಬರಿಗೈಯಲ್ಲಿ ಗುಂಡಿ ಬಗೆದೆ. ಮೊಟ್ಟೆಗಳು ಒಡೆದಿದ್ದವು. ಒಳಗೆ ಇದ್ದದ್ದು ಲೋಳೆಯಲ್ಲ, ಪುಕ್ಕ ಬಂದ ಮರಿಗಳು. ಗುಂಡಿಗೆ ಮಣ್ಣು ಮುಚ್ಚಿದೆ. ಕೋಳಿಯನ್ನು ಗೂಡಿಗೆ ಬಿಟ್ಟರೆ ಅದು ಸೀದಾ ಹೋಗಿ ಖಾಲಿ ಹುಲ್ಲಿನ ಮೇಲೆ ಕೂತಿತು.

ಶನಿವಾರ ಅಕ್ತರಬೀಯ ಫೋನು ಬಂತು. “ಅಣ್ಣಾರೆ, ಮೊಮ್ಮಗಳು ಹುಟ್ಯಾಳ್ರಿ! ನಮ್ಮ ಮುರ್ಗಿದೂ ಇವತ್ತೇ ಆಗಬೇಕು. ಹಲಬರ್ಗಾದಾಗ ಹುಂಜ ಸಾಕಿದ ನಮ್ಮ ತಂಗಿ ಮನಿಂದ ತಂದ ಮೊಟ್ಟಿ ಅವು. ಒಡದಾವೇನ್ರಿ?”

ನನ್ನ ನಾಲಿಗೆಗೆ ಹುಳ ಬೀಳಬೇಕಿತ್ತು. “ಇಲ್ಲವ್ವ, ಮುಂಗುಸಿ ಬಂದು ಎಲ್ಲಾ ತಿಂದು ಹೋಗ್ಯಾದ,” ಎಂದುಬಿಟ್ಟೆ. ಆಕೆ ಮತ್ತೇನಾದರೂ ಕೇಳುವ ಮೊದಲು ನಾನೇ ಫೋನ್ ಇಟ್ಟೆ.

ರವಿವಾರ ಬೇವಿನ ಮರದ ಕೆಳಗೆ ಸಭೆ ಸೇರಿತ್ತು. ಅಕ್ತರಬೀ ಬಸ್ಸಿಳಿದು ನೇರ ಅಲ್ಲಿಗೇ ಬಂದು ಎಲ್ಲರಿಗೂ ಪೇಡೆ ಹಂಚಿದಳು. ನನಗೂ ಒಂದು ಕೊಟ್ಟಳು. ಆಮೇಲೆ ಸೆರಗು ಹೊದ್ದು ನಿಂತಳು.

“ತಪ್ಪು ನಂದೇ ಅದರಿ. ಹೋಗೂ ಗಡಬಡ್ಯಾಗ ಕೊಂಡಿ ಹಾಕಿಲ್ಲಂತ ಕಾಣ್ತದ. ಮುಂಗುಸಿ ಬಂದಾದ. ರೂಲ್‌ದಾಗ ಹ್ಯಾಂಗ ಅದನೋ ಹಾಂಗ ಮಾಡ್ರಿ. ನನಗ ಓದಾಕ ಬರಂಗಿಲ್ಲ.”

ಕೊಂಡಿ ಹಾಕಿಯೇ ಇತ್ತು. ತೆಗೆದವನು ನಾನು.

“ರೂಲ್ ಅಂದ್ರ ರೂಲ್,” ಎಂದ ವೈಜಿನಾಥ. ಹಿಂದೊಮ್ಮೆ ಆ ಕೋಳಿ ಅವನ ಮೆಂತ್ಯ ಕೆದರಿತ್ತು. “ಕೋಳಿ ಬಂದ್. ನೀವೇ ಓದ್ರಿ ಶಿವರಾಜಪ್ಪನವರ.”

ಎದ್ದು ನಿಂತೆ. ‘ಕೊಂಡಿ ಹಾಕದೆ...’ ಎಂದು ಶುರು ಮಾಡಿದೆ. ನನ್ನದೇ ಅಕ್ಷರ, ಆದರೆ ಮುಂದೆ ಓದಲಾಗಲಿಲ್ಲ. ಎಲ್ಲ ಹೇಳಿದೆ. ಬುಟ್ಟಿ, ಗುಂಡಿ, ಸುಣ್ಣ, ಡಾಕ್ಟರ ನಗು, ಮುಂಗುಸಿ, ಎಲ್ಲ. ಯಾರಾದರೂ ಉಗಿದಿದ್ದರೆ ಜೀವ ಹಗುರಾಗುತ್ತಿತ್ತು.

ಅಕ್ತರಬೀ ನನ್ನ ಹತ್ತಿರ ಬಂದಳು. “ಕುಡಕ್ ಅಂದ್ರ ಏನಂತ ಒಂದು ಮಾತು ಕೇಳಿದ್ರ ಹೇಳ್ತಿದ್ದೆನಲ್ರಿ, ಅಣ್ಣಾರೆ.”

“ನಾಚಿಕಿ ಬಂತವ್ವ.”

ಆಕೆ ನನಗೊಬ್ಬನಿಗೇ ಕೇಳಿಸುವಂತೆ ಕೇಳಿದಳು. “ಇಪ್ಪತ್ತನೇ ದಿನ ಇತ್ರಿ ಅದು. ಮೊಟ್ಟಿ ಒಳಗಿಂದಾನೇ ಚಿಂವ್ ಚಿಂವ್ ಅಂತಿರ್ತಾವ. ನಿಮಗ ಕೇಳಿಸಲಿಲ್ಲೇನ್ರಿ?”

ಎಲ್ಲ ಹೇಳಿದ್ದೆ, ಇದೊಂದನ್ನು ಬಿಟ್ಟು. ಬೇವಿನ ಮರದಲ್ಲಿ ಗುಬ್ಬಿ ಕೂಗುತ್ತಿದೆ ಎಂದುಕೊಂಡೇ ನಾನು ಆ ಮೊಟ್ಟೆಗಳನ್ನು ಗುಂಡಿಗೆ ಒಯ್ದಿದ್ದೆ. ಸುಣ್ಣ ಸುರಿದ ಮೇಲೆ ಆ ಗುಬ್ಬಿ ಸುಮ್ಮನಾಗಿತ್ತು.

“ಕೇಳಿಸ್ತವ್ವ,” ಎಂದೆ.

ಆಕೆ ಗೂಡಿನ ಕಡೆ ಹೋದಳು. ಕೋಳಿ ಇನ್ನೂ ಆ ಖಾಲಿ ಹುಲ್ಲಿನ ಮೇಲೆಯೇ ಕೂತಿತ್ತು. ಆಕೆ ಅದರ ಎದುರು ಕೂತಳು. ಮೊಮ್ಮಗಳ ಪೇಡೆ ನನ್ನ ಮುಷ್ಟಿಯಲ್ಲಿ ಪುಡಿಯಾಗಿತ್ತು.