ಎಡಬಲ ಅದಲುಬದಲು

2011ರ ಮಾರ್ಚ್ 6, ಭಾನುವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಜೋಡಿ ಮಸೂರದ ಹಳೆಯ ಕ್ಯಾಮೆರಾದ ಮುಖ ಬಿಚ್ಚಿ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಎರಡು ಷಟರ್‌ಗಳನ್ನು ಒಟ್ಟಿಗೆ ಎಳೆಯುವ ಸರಳಿನಲ್ಲಿ ಜಿಡ್ಡು ಗಟ್ಟಿಯಾಗಿ, ಎಡಗಡೆಯದು ಬಲಗಡೆಯದಕ್ಕಿಂತ ತಡವಾಗಿ ಮುಚ್ಚುತ್ತಿತ್ತು. ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ ಒರೆಸುತ್ತಿದ್ದಾಗ ನಾದಿನಿ ಬಂದಳು. ನನ್ನ ಹೆಂಡತಿ ತೀರಿಕೊಂಡು ಐದು ತಿಂಗಳಾಗಿತ್ತು. ಕಪಾಟಿನಲ್ಲಿದ್ದ ಅಕ್ಕನ ಬಟ್ಟೆಗಳನ್ನು ವಿಂಗಡಿಸಲು ಇವಳು ಬಂದಿದ್ದಳು.

"ಇನ್ನೂ ಇದರ ಸೇವೆ ನಡೀತಿದೆಯಾ, ಭಾವ?"

"ಸುಮ್ಮನೆ ಇಟ್ಟರೆ ಬೂಷ್ಟು ಹಿಡಿಯುತ್ತೆ."

"ನಿಮಗೂ ಹಿಡಿಯುತ್ತೆ. ಆಗಾಗ ಹೊರಗೆ ಬನ್ನಿ."

ಮೇಜಿನ ಮೇಲಿದ್ದ ಸ್ಲೈಡು ಪೆಟ್ಟಿಗೆಯ ಕೊನೆಯ ಸ್ಲೈಡನ್ನು ತೆಗೆದು, ಎರಡು ಕಣ್ಣಿಗೂ ಒಟ್ಟಿಗೆ ಹಿಡಿದು ನೋಡುವ ನೋಡುಪೆಟ್ಟಿಗೆಗೆ ಹಾಕಿ ಕಿಟಕಿಯತ್ತ ಹಿಡಿದಳು. ಎರಡು ಚಿತ್ರ, ಎರಡು ಕಣ್ಣು. ಕೂಡಿದರೆ ಆಳ ಕಾಣಬೇಕು.

"ಇದೇನು ಭಾವ, ಅಕ್ಕನ ಮೂಗು ಒಳಕ್ಕೆ ಹೋಗಿದೆ. ಗೋಡೆ ಮುಂದೆ ಬಂದು, ಇವಳು ಗೋಡೆಯಾಚೆ ಕೂತ ಹಾಗಿದೆ."

"ನಿನ್ನ ಕಣ್ಣು ತೋರಿಸ್ಕೋ."

"ಕಣ್ಣಿನ ಮಾತು ಯಾರ ಬಾಯಲ್ಲಿ ಬರ್ತಿದೆ ನೋಡಿ," ಎಂದಳು.

ಅವಳು ಹೇಳಿದ್ದು ಸರಿಯೇ. ನಾಲ್ಕನೇ ವಯಸ್ಸಿನಿಂದ ನನ್ನ ಬಲಗಣ್ಣಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ತಿಳಿಯದು. ಚಿತ್ರದ ಆಳವನ್ನು ನಾನು ಒಮ್ಮೆಯೂ ಕಂಡವನಲ್ಲ. ಮದುವೆಯಾದ ಎರಡನೇ ವರ್ಷ ಗುಜರಿ ಅಂಗಡಿಯಲ್ಲಿ ಈ ಕ್ಯಾಮೆರಾ ಕೊಂಡದ್ದು, ನನಗೆ ದಕ್ಕದ್ದನ್ನು ಹೆಂಡತಿಯಾದರೂ ನೋಡಲಿ ಎಂದು. ತೊಳೆದು ಬಂದ ಫಿಲ್ಮನ್ನು ನಾನೇ ಕತ್ತರಿಸಿ ಚೌಕಟ್ಟಿಗೆ ಕೂರಿಸುತ್ತಿದ್ದೆ. ಅವಳು ಕಣ್ಣಿಗೆ ಹಿಡಿದು, "ಚೆನ್ನಾಗಿ ಬಂದಿದೆ" ಅನ್ನುತ್ತಿದ್ದಳು. ಹದಿನಾರು ವರ್ಷ ಅದೇ ಮಾತು, ನನಗೆ ಅಷ್ಟೇ ಸಾಕಾಗಿತ್ತು.

ನಾದಿನಿ ಎರಡು ಚೀಲ ಹೊತ್ತು ಹೋದ ಮೇಲೆ ಕಾಗದದ ಮೇಲೆ ಬರೆದು ನೋಡಿದೆ. ಮಸೂರ ಚಿತ್ರವನ್ನು ತಲೆಕೆಳಗು ಮಾಡುತ್ತದೆ. ಫಿಲ್ಮನ್ನು ನೆಟ್ಟಗೆ ತಿರುಗಿಸಿದರೆ ಎಡ ಮಸೂರದ ಚಿತ್ರ ಬಲಗಡೆಗೆ ಬರುತ್ತದೆ. ಆದ್ದರಿಂದ ಕೂರಿಸುವ ಮುಂಚೆ ಎಡಬಲ ಬದಲಾಯಿಸಬೇಕು, ಇಲ್ಲದಿದ್ದರೆ ಹತ್ತಿರದ್ದು ದೂರ, ದೂರದ್ದು ಹತ್ತಿರ ಕಾಣುತ್ತದೆ. ನಾನು ಎಂದೂ ಬದಲಾಯಿಸಿರಲಿಲ್ಲ. ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಮಕ್ಕಳಿಗೆ ಮಸೂರದ ಪಾಠ ಹೇಳುವವನು ನಾನು. ದೀಪದ ಬುಡದಲ್ಲೇ ಕತ್ತಲೆ.

ಹಾಗಾದರೆ ನೂರ ನಲವತ್ತು ಸ್ಲೈಡುಗಳೂ ತಪ್ಪು. ಮತ್ತೆ ನನ್ನ ಹೆಂಡತಿ ನೋಡಿದ್ದೇನು? ನೋಡಿದ್ದಳೋ, ಇಲ್ಲ ನನ್ನ ಮನಸ್ಸು ನೋಯದಿರಲಿ ಎಂದು ಒಂದು ಗಳಿಗೆ ಕಣ್ಣಿಗೆ ಹಿಡಿದು ಇಳಿಸುತ್ತಿದ್ದಳೋ? ಆ ರಾತ್ರಿಯಿಂದ ಇದೊಂದೇ ಕೊರೆತ.

ಪೆಟ್ಟಿಗೆಯನ್ನು ಕಾಲೇಜಿಗೆ ಒಯ್ದೆ. ತರಗತಿ ಮುಗಿದ ಮೇಲೆ, ನಾಲ್ಕು ಸಂಜೆ, ಒಂದೊಂದನ್ನೂ ಪ್ರಯೋಗಾಲಯದ, ಅಳತೆಪಟ್ಟಿಯ ಮೇಲೆ ಸರಿಯುವ ಸೂಕ್ಷ್ಮದರ್ಶಕದ ಕೆಳಗೆ ಅಳೆದೆ. ಲೆಕ್ಕ ಸುಲಭ: ಒಂದೇ ವಸ್ತು ಎರಡು ಚಿತ್ರಗಳಲ್ಲಿ ಕಾಣುವ ಜಾಗಗಳ ನಡುವಿನ ಅಂತರ ನೋಡಬೇಕು. ಸರಿಯಾಗಿ ಕೂರಿಸಿದ್ದರೆ ಹತ್ತಿರದ ವಸ್ತುವಿನದು ಕಡಿಮೆ, ದೂರದ್ದು ಹೆಚ್ಚು.

ಮೊದಲ ನೂರ ಮೂವತ್ತೆರಡೂ ಸರಿಯಾಗಿದ್ದವು.

ನಾನೇ ತಪ್ಪಿ ಬರೆದುಕೊಂಡೆನೇನೋ ಎಂದು ಹತ್ತನ್ನು ಮತ್ತೆ ಅಳೆದೆ. ಆಮೇಲೆ ಅಂಚುಗಳನ್ನು ನೋಡಿದೆ. ನಾನು ಟೇಪನ್ನು ಬ್ಲೇಡಿನಿಂದ ನೇರವಾಗಿ ಕೊಯ್ಯುತ್ತೇನೆ. ಇವುಗಳ ಟೇಪಿನ ತುದಿ ಕಮಾನಿನಂತೆ ಬಾಗಿತ್ತು, ಉಗುರು ಕತ್ತರಿಯಿಂದ ಕತ್ತರಿಸಿದ್ದು. ಅದರಡಿಯಲ್ಲಿ ನನ್ನ ಹಳೆಯ ಟೇಪಿನ ಅಂಟಿನ ಗೆರೆ.

"ಒಂದು ದಿನ ಇಲ್ಲೇ ಇರಲಿ, ನಿಧಾನವಾಗಿ ನೋಡ್ತೀನಿ," ಎಂದು ಹೊಸ ಸ್ಲೈಡು ಕೊಟ್ಟಾಗಲೆಲ್ಲ ಹೆಂಡತಿ ಅನ್ನುತ್ತಿದ್ದಳು. ನಾನು ಕಾಲೇಜಿಗೆ ಹೋದ ಮೇಲೆ ಒಬ್ಬಳೇ ಕೂತು ಬಿಚ್ಚಿ, ಬದಲಾಯಿಸಿ, ಮತ್ತೆ ಅಂಟಿಸಿದ್ದಾಳೆ. ಹೇಳಿದ್ದರೆ ಒಂದು ನಿಮಿಷದಲ್ಲಿ ತಿದ್ದಿಕೊಳ್ಳುತ್ತಿದ್ದೆ. ತಿದ್ದಿಕೊಳ್ಳುತ್ತಿದ್ದೆನೋ, ಕ್ಯಾಮೆರಾವನ್ನೇ ಮೂಲೆಗೆ ಸೇರಿಸುತ್ತಿದ್ದೆನೋ, ಅವಳಿಗೆ ಗೊತ್ತಿತ್ತೇನೋ. ಕೇಳಲು ಈಗ ಯಾರೂ ಇಲ್ಲ.

ಕೊನೆಯ ಎಂಟರ ಮೇಲೆ ಮಾತ್ರ ನನ್ನ ಟೇಪು ಹಾಗೇ ಇತ್ತು. ಅವು ಅವಳ ಕೈ ನಡುಗಲು ಶುರುವಾದ ಮೇಲಿನವು. ಅವುಗಳಿಗೂ "ಚೆನ್ನಾಗಿ ಬಂದಿದೆ" ಅಂದಿದ್ದಳು.

ಎಂಟನ್ನೂ ಬಿಚ್ಚಿ ಎಡಬಲ ಬದಲಾಯಿಸಿದೆ. ಕೊನೆಯದರಲ್ಲಿ ಅವಳು ಮಂಚದ ಅಂಚಿಗೆ ಕೂತಿದ್ದಾಳೆ; ಹಿಂದೆ ಬರಿಗೋಡೆ, ಅದರಲ್ಲೊಂದು ಮೊಳೆ. ನೋಡುಪೆಟ್ಟಿಗೆಗೆ ಹಾಕಿ ಕಣ್ಣಿಗೆ ಹಿಡಿದೆ. ನನಗೆ ಎಂದಿನಂತೆ ಚಪ್ಪಟೆಯೇ. ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಒಂದು ಚಿತ್ರದ ಮೂಗಿನ ತುದಿಯಿಂದ ಇನ್ನೊಂದರ ಮೂಗಿನ ತುದಿಗೆ 61.48 ಮಿಲಿಮೀಟರ್, ಮೊಳೆಯಿಂದ ಮೊಳೆಗೆ 61.89. ಅವಳು ಗೋಡೆಯಿಂದ ಈಚೆಗೆ ಬಂದಿದ್ದಳು. ವ್ಯತ್ಯಾಸ 0.41 ಮಿಲಿಮೀಟರ್.