ಕೆಂಪು ಹತ್ತೊಂಬತ್ತು

ಯಜಮಾನರು ಫೆಬ್ರವರಿಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕಟ್ಟಿನ ಮೇಲಿನಿಂದ ಇನ್ನೊಂದು ಹಾಳೆ ಎಳೆದು ನೋಡಿದರು. ನಡುವಿನಿಂದ ಮತ್ತೊಂದು, ತಳದಿಂದ ಮಗದೊಂದು. ಆಮೇಲೆ ಪ್ರೆಸ್ಸಿನ ಅಷ್ಟೂ ಮಿಷನ್ನುಗಳ ಗದ್ದಲವನ್ನು ಮೀರಿಸಿ ಕೂಗಿದರು: “ಕೆಂಪಕ್ಕಾ!”

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಇಪ್ಪತ್ತಾರು ವರ್ಷ ಕೆಂಪು ಮಸಿಯ ಮಿಷನ್ನಿನ ಮುಂದೆ ನಿಂತವಳನ್ನು ಜನ ಇನ್ನೇನೆಂದು ಕರೆದಾರು? ಉಗುರಿನ ಸಂದಿಯಲ್ಲಿ ಕೂತ ಕೆಂಪು ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಹಿಟ್ಟು ಕಲಸಿದರೆ ಹಿಟ್ಟೂ ಕೆಂಪು ಎಂದು ಅವಳ ತಮ್ಮ ರೇಗಿಸುತ್ತಿದ್ದ. ಆ ತಮ್ಮನೂ ಅಲ್ಲೇ, ಪಕ್ಕದ ಕಪ್ಪು ಮಸಿಯ ಮಿಷನ್ನಿನಲ್ಲಿ.

“ಏನಿದು? ಈ ಹತ್ತೊಂಬತ್ತು ಯಾಕೆ ಕೆಂಪಗಿದೆ?” ಎಂದರು ಯಜಮಾನರು.

ಕೆಂಪಕ್ಕ ನೋಡಿದಳು. ಇಪ್ಪತ್ತು ಸಾವಿರ ಹಾಳೆ! ಅಷ್ಟರಲ್ಲೂ ಭಾನುವಾರಗಳ ಜೊತೆ ಹತ್ತೊಂಬತ್ತೂ ಕೆಂಪಗೆ ಹೊಳೆಯುತ್ತಿತ್ತು. ಇಲ್ಲದ ರಜೆಯೊಂದನ್ನು ಅವಳು ತನ್ನ ಕೈಯಾರೆ ದೇಶಕ್ಕೆಲ್ಲ ಕೊಟ್ಟುಬಿಟ್ಟಿದ್ದಳು.

ಇದು ಹೇಗಾಯಿತೆಂದರೆ, ಹತ್ತೊಂಬತ್ತು ಟೀಚರಮ್ಮ ಹುಟ್ಟಿದ ದಿನ. ಟೀಚರಮ್ಮ ಯಾರು ಎಂದು ಆ ಊರಿನಲ್ಲಿ ಕೇಳಿದರೆ ಜನ ನಿಮ್ಮನ್ನೇ ಮೇಲಿಂದ ಕೆಳಗೆ ನೋಡಿಯಾರು. ಕಾಲುವೆಯಾಚೆಯ ಜನ ಅಂಚೆ ಕಚೇರಿಗಾಗಲಿ ಆಸ್ಪತ್ರೆಗಾಗಲಿ ಹಿಂಬಾಗಿಲಿನಿಂದಲೇ ಹೋಗಬೇಕಾಗಿದ್ದ ಕಾಲ. ಕಾಲುವೆಯಾಚೆಯ ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಹೇಳುತ್ತಿದ್ದ ಈ ಹೆಂಗಸು ಒಂದು ಬೆಳಿಗ್ಗೆ ಒಂದು ಕಾರ್ಡು ಹಿಡಿದುಕೊಂಡು ಅಂಚೆ ಕಚೇರಿಯ ಮುಂಬಾಗಿಲಿಗೆ ಹೋಗಿ ನಿಂತಳು. ದಬ್ಬಿದರು. ಮರುದಿನ ಮತ್ತೆ ಬಂದಳು. ಹೀಗೆ ನಲವತ್ತೊಂದು ದಿನ. ಕೊನೆಯ ದಿನ ಅವಳ ಹಿಂದೆ ನಾಲ್ಕು ಸಾವಿರ ಜನ, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕಾರ್ಡು! ಹನ್ನೆರಡು ವರ್ಷದ ಕೆಂಪಕ್ಕ ಅಮ್ಮನ ಕೈ ಹಿಡಿದು ಆ ಸಾಲಿನಲ್ಲಿದ್ದಳು. ಬಾಗಿಲು ತೆರೆಯಿತು. ಅದಕ್ಕಾಗಿ ಟೀಚರಮ್ಮ ಏಳು ವರ್ಷ ಜೈಲು ಕಂಡಳು, ಹೊರಬಂದ ಮೇಲೆ ಬಹಳ ದಿನ ಬದುಕಲಿಲ್ಲ.

ಅವಳ ಹುಟ್ಟಿದ ದಿನಕ್ಕೆ ದೇಶದ ರಜೆ ಬೇಕೆಂದು ಜನ ಕೇಳುತ್ತಲೇ ಬಂದರು, ಸರ್ಕಾರಗಳು ಕೇಳಿಸಿಕೊಳ್ಳುತ್ತಲೇ ಬಂದವು. ಪ್ರೆಸ್ಸಿನವರು ಮಾತ್ರ ಕಾಯಲಿಲ್ಲ. ಕಾಲುವೆಯಾಚೆಯಿಂದ ಬರುವ ನಲವತ್ತು ಮಂದಿ ಅಲ್ಲಿದ್ದರು. ಪ್ರತಿವರ್ಷ ಕ್ಯಾಲೆಂಡರಿನ ಕೆಲಸ ಬಂದಾಗ ಕೆಂಪಕ್ಕ ಕಪ್ಪಿನ ಚೌಕಟ್ಟಿನಿಂದ ಹತ್ತೊಂಬತ್ತರ ಮೊಳೆಗಳನ್ನು, ಅಂದರೆ ಆ ಅಂಕಿಯ ಸೀಸದ ಅಚ್ಚನ್ನು, ಕಿತ್ತು ಕೆಂಪಿನ ಚೌಕಟ್ಟಿಗೆ ಕೂರಿಸುತ್ತಿದ್ದಳು. ಸರಿಯಾಗಿ ನಲವತ್ತು ಹಾಳೆ ತೆಗೆದು, ಮೊಳೆಗಳನ್ನು ವಾಪಸು ಕಪ್ಪಿಗೆ ಹಾಕಿ, ಆಮೇಲೆ ಗಿರಾಕಿಯ ಕೆಲಸ ಶುರು. ಆ ನಲವತ್ತು ಹಾಳೆ ನಲವತ್ತು ಮನೆಗಳ ಗೋಡೆ ಸೇರುತ್ತಿದ್ದವು.

ನಿನ್ನೆ ಆ ರಜೆಯ ಮಸೂದೆ ಸಂಸತ್ತಿನ ಮುಂದೆ ಬಂದಿತ್ತು. ಇಡೀ ಪ್ರೆಸ್ಸು ರೇಡಿಯೋಗೆ ಕಿವಿ ಹಚ್ಚಿ ಕೂತಿತ್ತು. ಯಾರು ಪರ, ಯಾರು ವಿರುದ್ಧ ಎಂದು ಕೈಕೈ ಮಿಲಾಯಿಸುವಷ್ಟು ವಾದ. ಆ ಗಲಾಟೆಯಲ್ಲಿ ಕೆಂಪಕ್ಕ ನಲವತ್ತು ಹಾಳೆ ತೆಗೆದಳು, ಮೊಳೆ ವಾಪಸು ಹಾಕಲು ಮರೆತಳು, ಅಕ್ಕತಮ್ಮ ಇಬ್ಬರೂ ಸೇರಿ ಇಪ್ಪತ್ತು ಸಾವಿರ ಹೊಡೆದು ಕೈ ತೊಳೆದುಕೊಂಡರು!

“ಅವಳು ಮರೆತಳು ಸರಿ. ತಪ್ಪು ಹಿಡಿಯೋಕೆ ಅಂತ ನಿನ್ನ ಇಟ್ಕೊಂಡಿದೀನಲ್ಲ, ನೀನೇನು ನಿದ್ದೆ ಮಾಡ್ತಿದ್ಯಾ?” ಯಜಮಾನರು ಕರಡು ತಿದ್ದುವವನ ಕಡೆ ತಿರುಗಿದರು. ಅವನನ್ನು ಎಲ್ಲರೂ ಸೋಡಾಬುಡ್ಡಿ ಎನ್ನುತ್ತಿದ್ದರು, ಅಷ್ಟು ದಪ್ಪ ಕನ್ನಡಕ.

“ನಮ್ಮ ಮನೇಲಿ ಅದು ಯಾವಾಗ್ಲೂ ಕೆಂಪೇ ಯಜಮಾನ್ರೇ,” ಎಂದ ಸೋಡಾಬುಡ್ಡಿ, ಪಾಪ, ನಿಜವನ್ನೇ ಹೇಳುತ್ತ. “ಕಪ್ಪಗಿದ್ದಿದ್ರೆ ತಕ್ಷಣ ಹಿಡೀತಿದ್ದೆ.”

ಯಾರೋ ಕಿಸಕ್ಕೆಂದರು. ಯಜಮಾನರ ಮುಖ ಕೆಂಪಕ್ಕನ ಮಸಿಗಿಂತ ಕೆಂಪಾಯಿತು. ಕ್ಯಾಲೆಂಡರು ಮಾಡಿಸುತ್ತಿದ್ದ ಔಷಧಿ ಕಂಪನಿಯ ಲಾರಿ ಸಂಜೆ ಐದಕ್ಕೆ ಬರುತ್ತದೆ. ಮರುಮುದ್ರಣಕ್ಕೆ ಕಾಗದ ಇಲ್ಲ. ಮತದಾನ ಮೂರು ಗಂಟೆಗೆ, ನಿಜ. ಆದರೆ ಹೋದ ಸಲವೂ ಮಸೂದೆ ಬಿದ್ದಿತ್ತು, ಅದರ ಹಿಂದಿನ ಸಲವೂ ಬಿದ್ದಿತ್ತು. ಈ ಸಲವೂ ಬೀಳುತ್ತದೆ ಎಂದು ಬೆಳಗಿನ ಪತ್ರಿಕೆಗಳೆಲ್ಲ ಬರೆದಿದ್ದವು.

“ಕೆಂಪಿನ ಮೇಲೇ ಕಪ್ಪು ಹೊಡಿ. ಎರಡೂ ಮಿಷನ್ನಿಗೆ ಹಾಕು, ಒಂದು ಗಂಟೆಗೆ ಶುರು ಮಾಡಿದ್ರೆ ಐದಕ್ಕೆ ಮುಗಿಯತ್ತೆ. ಒಂದು ಕೂದಲೆಳೆ ಆಚೀಚೆ ಆಗಬಾರದು.”

ಆ ಕೆಲಸ ಅವಳಿಂದಲ್ಲದೆ ಬೇರೆ ಯಾರಿಂದಲೂ ಆಗದು. ಒಂದು ಬಣ್ಣದ ಮೇಲೆ ಇನ್ನೊಂದನ್ನು ಕೂರಿಸುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಕೆಂಪಕ್ಕ ಹೂಂ ಎಂದಳು. ತಪ್ಪು ತನ್ನದು, ಹೂಂ ಅನ್ನದೆ ಇನ್ನೇನು ಮಾಡಿಯಾಳು? ಬಾಡಿಗೆ ಮನೆ, ನರ್ಸಿಂಗ್ ಓದುತ್ತಿರುವ ಮಗಳು, ಗಂಡನಿಲ್ಲದ ಸಂಸಾರ. ಈ ಕೆಲಸ ಹೋದರೆ ಐವತ್ತರ ಹೆಂಗಸನ್ನು ಯಾವ ಪ್ರೆಸ್ಸು ಕರೆದು ಕೂರಿಸುತ್ತದೆ?

ಆದರೆ ಕೈ ಕೇಳಬೇಕಲ್ಲ. ಒಂದು ಗಂಟೆಗೆ ಅವಳು, “ಕೆಂಪು ಇನ್ನೂ ಒಣಗಿಲ್ಲ, ಈಗ್ಲೇ ಹೊಡೆದ್ರೆ ಮೆತ್ತುತ್ತೆ,” ಎಂದಳು. ಯಜಮಾನರು ಹಾಳೆಯ ಮೇಲೆ ಹೆಬ್ಬೆರಳು ಉಜ್ಜಿ ಅವಳ ಮೂಗಿನ ಕೆಳಗೆ ಹಿಡಿದರು. ಎಳ್ಳಷ್ಟೂ ಮಸಿ ಇರಲಿಲ್ಲ. ಒಂದೂವರೆಗೆ ತಮ್ಮ ರೋಲರು ತೊಳೆಯಬೇಕೆಂದ. ತೊಳೆದ, ಮತ್ತೆ ತೊಳೆದ, ಮದುವೆ ಮನೆಯ ಪಾತ್ರೆಯ ಹಾಗೆ ತಿಕ್ಕಿ ತಿಕ್ಕಿ ತೊಳೆದ. ಎರಡು ಗಂಟೆಗೆ ಮೊದಲ ಪರೀಕ್ಷೆ ಹಾಳೆ ಬಂತು. ಕಪ್ಪಿನ ಪಕ್ಕದಲ್ಲಿ ಕೆಂಪು ಅರ್ಧ ಇಣುಕುತ್ತಿತ್ತು. ಎರಡನೆಯದರಲ್ಲಿ ಈ ಕಡೆ ಇಣುಕಿತು, ಮೂರನೆಯದರಲ್ಲಿ ಆ ಕಡೆ.

“ನಾನು ಈ ಪ್ರೆಸ್ಸಲ್ಲೇ ಹುಟ್ಟಿದೋನು ಕೆಂಪಕ್ಕ, ನನ್ನ ಕಿವಿಗೆ ಹೂ ಇಡಬೇಡ,” ಎಂದರು ಯಜಮಾನರು. “ಮುಂದಿನ ಹಾಳೆ ಸರಿಯಾಗಿ ಬರ್ಲಿಲ್ಲ ಅಂದ್ರೆ ಮನೆಗೆ ನಡಿ.”

ಮುಂದಿನ ಹಾಳೆ ಸರಿಯಾಗಿಯೇ ಬಂತು. ಕಪ್ಪು ಹತ್ತೊಂಬತ್ತು ಕೆಂಪು ಹತ್ತೊಂಬತ್ತರ ಮೇಲೆ ಒಂದು ನೂಲೂ ತಪ್ಪದೆ ಕೂತಿತ್ತು. ಅಲ್ಲಿ ಕೆಂಪು ಇತ್ತೆಂಬ ಗುರುತೇ ಇರಲಿಲ್ಲ. ಕೆಂಪಕ್ಕ ಅದನ್ನು ನೋಡಿದಳು. ಇದೇ ಕೈಯಿಂದ ಇನ್ನು ಇಪ್ಪತ್ತು ಸಾವಿರ ಸಲ! ಅವಳು ಮಿಷನ್ನು ನಿಲ್ಲಿಸಿದಳು, ಎರಡು ಮೊಳೆಗಳನ್ನೂ ಕಿತ್ತು ಒರೆಸಿ ಯಜಮಾನರ ಅಂಗೈಯಲ್ಲಿಟ್ಟಳು.

“ಬೆಳಿಗ್ಗೆವರೆಗೂ ಇದು ನನ್ನ ತಪ್ಪು ಯಜಮಾನ್ರೇ. ಈಗ ಬೇಕೂಂತ್ಲೇ ಮಾಡಿದೀನಿ ಅಂತ ಇಟ್ಕೊಳ್ಳಿ. ಅವರ ದಿನದ ಮೇಲೆ ನಾನು ಕಪ್ಪು ಹಚ್ಚಲ್ಲ.”

“ಹಾಗಾದ್ರೆ ನಾಳೆಯಿಂದ ಬರಬೇಡ.”

“ಆಯ್ತು.”

ತಮ್ಮನೂ ಏಪ್ರನ್ನು ಬಿಚ್ಚತೊಡಗಿದ. “ಸುಮ್ನೆ ಕೂತ್ಕೊಳ್ಳೋ ದಡ್ಡ,” ಎಂದು ಅಕ್ಕ ಗದರಿದಳು. “ಇಬ್ಬರ ಮನೆ ಒಲೇನೂ ಆರಿಸೋದು ಬೇಡ.” ಚೀಲ ಎತ್ತಿಕೊಂಡು ಬೀದಿಗಿಳಿದಳು. ಅವಳಿಗೆ ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಬೇಕು.

ಎದುರಿನ ಸೈಕಲ್ ಅಂಗಡಿಯ ಮುಂದೆ ಜನ ಕಿಕ್ಕಿರಿದಿದ್ದರು. ರೇಡಿಯೋದಲ್ಲಿ ಒಬ್ಬೊಬ್ಬ ಸದಸ್ಯನ ಹೆಸರು ಕೂಗುತ್ತಿದ್ದರು: ಪರ, ವಿರುದ್ಧ, ವಿರುದ್ಧ, ಪರ. ಅಂಗಡಿಯವನು ಸುಣ್ಣದ ಕಡ್ಡಿಯಿಂದ ಗೋಡೆಯ ಮೇಲೆ ಗೀಟು ಹಾಕುತ್ತಿದ್ದ. ಮನೆಗೆ ಹೋಗಬೇಕೆಂದುಕೊಂಡ ಕೆಂಪಕ್ಕ ಜನರ ನಡುವೆ ನಿಂತುಬಿಟ್ಟಳು. ನೂರ ಮೂವತ್ತಕ್ಕೆ ನೂರ ಮೂವತ್ತೆರಡು. ನೂರ ನಲವತ್ತೊಂದಕ್ಕೆ ನೂರ ನಲವತ್ತೊಂದು. ಆಗ ಅದೇ ಊರಿನ ಸದಸ್ಯನ ಹೆಸರು ಬಂತು. ಹಿಂದಿನ ಎರಡು ಸಲವೂ ವಿರುದ್ಧ ಕೈಯೆತ್ತಿದ್ದ ಮಹಾಶಯ ಅವನು. ಜನ ಬಾಯಿ ತೆರೆದು ಬೈಯಲು ಸಿದ್ಧರಾದರು.

“ಪರ,” ಎಂದಿತು ರೇಡಿಯೋ.

“ಏನಂದ? ಏನಂದ?” ಎಂದು ಒಬ್ಬ ಅಂಗಡಿಯವನನ್ನು ಹಿಡಿದು ಅಲುಗಾಡಿಸಿದ. ಅಷ್ಟರಲ್ಲಿ ಇನ್ನೂ ಮೂರು ಹೆಸರು ಕೂಗಿ ಆಯಿತು, ಎಂಟಾಯಿತು, ಕೊನೆಗೆ ಸಭಾಧ್ಯಕ್ಷರ ದನಿ ಕೇಳಿತು: ಪರ ನೂರ ನಲವತ್ತೇಳು, ವಿರುದ್ಧ ನೂರ ನಲವತ್ತನಾಲ್ಕು. ಮಸೂದೆ ಅಂಗೀಕಾರವಾಗಿದೆ.

ಅಬ್ಬಾ, ಆ ಬೀದಿಯನ್ನು ನೋಡಬೇಕಿತ್ತು! ಅಂಗಡಿಯಲ್ಲಿದ್ದ ಸೈಕಲ್ಲುಗಳ ಗಂಟೆಗಳೆಲ್ಲ ಒಟ್ಟಿಗೆ ಮೊಳಗಿದವು. ಬಸ್ಸಿನ ಡ್ರೈವರು ಬಸ್ಸನ್ನು ನಡುಬೀದಿಯಲ್ಲೇ ಬಿಟ್ಟಿಳಿದು ಕುಣಿದ. ಗುರುತಿಲ್ಲದ ಒಬ್ಬ ಮುದುಕಿ ಕೆಂಪಕ್ಕನನ್ನು ತಬ್ಬಿಕೊಂಡು ಅತ್ತಳು, ಕೆಂಪಕ್ಕನೂ ಗೊಳೋ ಎಂದು ಅತ್ತಳು. ಅಮ್ಮ ಇರಬೇಕಿತ್ತು, ಟೀಚರಮ್ಮ ಇರಬೇಕಿತ್ತು ಎಂದು ಅತ್ತಳು, ಸಂತೋಷ ತಡೆಯಲಾರದೆ ಅತ್ತಳು. ಕೆಲಸ ಹೋದದ್ದು ಆ ಗಳಿಗೆಯಲ್ಲಿ ಅವಳಿಗೆ ನೆನಪೇ ಇರಲಿಲ್ಲ.

ನೆನಪಿಸಲು ಯಜಮಾನರೇ ಓಡಿಬಂದರು. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ.

“ಕೆಂಪಕ್ಕ, ಎಲ್ಲಿ ಹೊರಟೆ? ಒಳಗೆ ಬಾ!”

“ನಾಳೆಯಿಂದ ಬರಬೇಡ ಅಂದ್ರಲ್ಲ.”

“ನಾಳೆ ಮಾತು ನಾಳೆಗೆ. ಇವತ್ತು ಬಾ ಮಾರಾಯ್ತಿ! ಊರಲ್ಲಿರೋ ಎಲ್ಲ ಪ್ರೆಸ್ಸಿನ ಕ್ಯಾಲೆಂಡರಲ್ಲೂ ಹತ್ತೊಂಬತ್ತು ಕಪ್ಪು. ಕೆಂಪಗಿರೋದು ನಮ್ಮದೊಂದೇ. ಫೋನು ಕೆಳಗಿಡೋಕೆ ಬಿಡ್ತಿಲ್ಲ, ಎಲ್ಲರಿಗೂ ಹೊಸ ಫೆಬ್ರವರಿ ಬೇಕಂತೆ!”

“ನಾಳೇನೂ ಬರಬೇಕಾ, ಬೇಡ್ವಾ? ಅದನ್ನ ಹೇಳಿ ಮೊದ್ಲು.”

“ನಾಳೆ, ನಾಡಿದ್ದು, ನಿನಗೆ ಸಾಕಾಗೋವರೆಗೂ!” ಎಂದು ಯಜಮಾನರು ಬೀದಿಯ ಮಧ್ಯದಲ್ಲಿ ನಿಂತು ಕೈ ಮುಗಿದರು. ಜನ ಹೋ ಎಂದರು.

ಒಳಗೆ ಹೋದರೆ ಅಲ್ಲಿ ಬೇರೆಯೇ ಸಂಭ್ರಮ. ತಮ್ಮ ಅಕ್ಕನನ್ನು ಎತ್ತಿ ಒಂದು ಸುತ್ತು ತಿರುಗಿಸಿದ, ಸೋಡಾಬುಡ್ಡಿ ಕನ್ನಡಕ ಕಳೆದುಕೊಂಡು ಯಾರನ್ನೋ ಯಾರೋ ಎಂದುಕೊಂಡು ತಬ್ಬಿಕೊಳ್ಳುತ್ತಿದ್ದ. ಯಜಮಾನರು ಒಂದು ಕಿವಿಗೆ ಫೋನು ಹಿಡಿದೇ ಲೆಕ್ಕ ಹಾಕತೊಡಗಿದರು. ಜನವರಿ ಪೂರ್ತಿ ಕ್ಯಾಲೆಂಡರಿಗೇ ಹೋಗುತ್ತದೆ. ಶಾಲಾ ಪುಸ್ತಕದ ಕೆಲಸವನ್ನು ಫೆಬ್ರವರಿಗೆ ತಳ್ಳಬೇಕು.

“ಕೇಳ್ರಪ್ಪಾ, ಈಗ್ಲೇ ಹೇಳಿಬಿಡ್ತೀನಿ,” ಎಂದರು ಕೂಗಿ. “ಫೆಬ್ರವರಿ ತಿಂಗಳು ಯಾರೂ ಒಂದೇ ಒಂದು ದಿನಾನೂ ತಪ್ಪಿಸೋ ಹಾಗಿಲ್ಲ.”

ನಲವತ್ತು ಜೋಡಿ ಕಣ್ಣು ಕೆಂಪಕ್ಕನ ಮೇಲೆ ಬಿದ್ದವು.

“ಹತ್ತೊಂಬತ್ತಕ್ಕೆ ನಾವು ಬರಲ್ಲ ಯಜಮಾನ್ರೇ.”

“ಯಾಕೆ?” ಎಂದರು ಯಜಮಾನರು, ಫೋನಿನ ಕಡೆ ಅರ್ಧ ಗಮನ ಇಟ್ಟುಕೊಂಡೇ.

ಕೆಂಪಕ್ಕ ಬಾಯಿ ತೆರೆದಳು. ನೆಂಟರ ಸಾವು, ಮಗಳ ಜ್ವರ, ಸೊಂಟ ನೋವು, ಇಪ್ಪತ್ತಾರು ವರ್ಷ ಆ ಒಂದು ದಿನಕ್ಕಾಗಿ ಹೇಳಿದ ಕಾರಣಗಳೆಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ಒಂದನ್ನೂ ಹೇಳಬೇಕಾಗಿರಲಿಲ್ಲ. ಅದು ಹೊಳೆದ ಕೂಡಲೇ ಅವಳಿಗೆ ನಗು ಉಕ್ಕಿತು, ನಗುತ್ತಲೇ ಕಣ್ಣು ತುಂಬಿದವು. ಕಟ್ಟಿನಿಂದ ಒಂದು ಹಾಳೆ ತೆಗೆದು ಯಜಮಾನರ ಮುಖದ ಮುಂದೆ ಹಿಡಿದಳು.

ಯಜಮಾನರು ನೋಡಿದರು. ಫೋನಿನಲ್ಲಿ ಗಿರಾಕಿ ಹಲೋ ಹಲೋ ಎನ್ನುತ್ತಿದ್ದ.

“ಹೌದಲ್ವಾ,” ಎಂದರು ಕೊನೆಗೆ, ತಲೆ ಕೆರೆದುಕೊಳ್ಳುತ್ತ. “ರಜೆ. ಆಯ್ತು, ಇಪ್ಪತ್ತಕ್ಕಾದ್ರೂ ಹೊತ್ತಿಗೆ ಸರಿಯಾಗಿ ಬನ್ನಿ.”