ಗೋಡೆಗೆ ಒತ್ತಿ ನಿಲ್ಲಿಸಿದ ಕಾರು

ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ಲಾರಿ ಉಜ್ಜಿ, ನಾನು ಓಡಿಸುವ ಅಂಬಾಸಿಡರಿನ ನನ್ನ ಕಡೆಯ ಕನ್ನಡಿಯ ಗಾಜು ಒಡೆಯಿತು. ಮನೆಗೆ ಬಂದು, ಹೊಸದಕ್ಕೆ ತುಮಕೂರಿಗೆ ಹೋಗಬೇಕು ಎಂದೆ. ಸಾಹುಕಾರ ಕರಿಬಸವಯ್ಯ ಒಳಗೆ ಹೋಗಿ, ಗಂಡ ಸತ್ತು ತಿಂಗಳೂ ಆಗದ ಸೊಸೆ ವಿಮಲಮ್ಮನವರ ಕನ್ನಡಿಯನ್ನು ಗೋಡೆಯಿಂದ ಕಿತ್ತು ತಂದ.

"ನಮ್ಮವ್ವ ಕೊಟ್ಟಿದ್ದು ಮಾವ, ಬುಡಿ," ಎಂದು ವಿಮಲಮ್ಮ ಬಾಗಿಲಲ್ಲಿ ಕೈಮುಗಿದರು.

"ಮುಂಡೆಗ್ಯಾಕೆ ಕನ್ನಡಿ? ಪಟಕ್ಕೆ ಗಾಜು ಹಾಕೋ ಅಂಗ್ಡೀಲಿ ಇದ್ನೇ ಕುಯ್ಸಿ ಕೂರ್ಸ್ಲಾ," ಎಂದು ನನ್ನ ಕೈಗಿಟ್ಟ.

ಕೆಲಸ ಹೋಗುತ್ತದೆಂದು ಹೆದರಿ ಕುಯ್ಯಿಸಿದೆ, ಕೂರಿಸಿದೆ.

ಮರುದಿನ ವಿಮಲಮ್ಮ ಕಾರಿನ ಆ ಕನ್ನಡಿಗೆ ಬಗ್ಗಿ ತಲೆ ಬಾಚಿಕೊಳ್ಳುವುದನ್ನು ಸಾಹುಕಾರ ಕಂಡ.

"ಲೇ, ಕನ್ನಡಿ ಕಡೇನ ಗೋಡೆಗೆ ಒತ್ತಿ ನಿಲ್ಸು. ಇವ್ಳ ಮೂತಿ ತೂರ್ಬಾರ್ದು."

ಈಗ ದಿನಾ ಹಾಗೇ ನಿಲ್ಲಿಸುತ್ತೇನೆ. ಗೋಡೆ ತಾಗಿ ನನ್ನ ಕಡೆಯ ಬಾಗಿಲು ತೆರೆಯುವುದಿಲ್ಲ. ಎಡಗಡೆಯ ಬಾಗಿಲಿಂದ ಕಳ್ಳನ ಹಾಗೆ ಇಳಿಯುತ್ತೇನೆ.